ಕಾವಿನ ಇಬ್ರಾಹಿಮನ ನಲವತ್ತೆಂಟು ಇಂಚು

ಹಾರೂಗೇರಿಯ ಸಂತೆಪೇಟೆಗೆ ಹೋಗಿ ಕಾವಿನ ಇಬ್ರಾಹಿಮ ಎಲ್ಲಿ ಅಂತ ಕೇಳಿ ನೋಡಿ. ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡಲಾಗದವನೂ ಕೈ ಎತ್ತಿ ತೋರಿಸುತ್ತಾನೆ. ಗುದ್ದಲಿ, ಸಲಿಕೆ, ಕೊಡಲಿ, ಕಬ್ಬಿನ ಸಾಲಿನಲ್ಲಿ ಕಸ ತೆಗೆಯುವ ಉದ್ದ ಕುರ್ಪಿ, ಇವುಗಳ ಕಬ್ಬಿಣ ಕಮ್ಮಾರನದು. ಕೈಯಲ್ಲಿ ಹಿಡಿಯುವ ಕಟ್ಟಿಗೆ, ಅಂದರೆ ಕಾವು, ಇಬ್ರಾಹಿಮನದು. ಮೂವತ್ತೆಂಟು ವರ್ಷದಿಂದ ಆ ಮನುಷ್ಯ ಬೇರೇನನ್ನೂ ಮಾಡಿಲ್ಲ. ಬಾಗಿಲು ಮಾಡಿಕೊಡು, ಮಂಚ ಮಾಡಿಕೊಡು ಅಂತ ಬಂದವರನ್ನೆಲ್ಲ ಬಡಿಗೇರ ಓಣಿಗೆ ಕಳಿಸಿದವನೇ. ಸ್ವಂತ ಮನೆಯ ಬಾಗಿಲ ಚಿಲಕ ಕಿತ್ತು ಎರಡು ವರ್ಷವಾಯಿತು. ಹೆಂಡತಿ ಹುಸೇನಬಿ ಹೇಳಿ ಹೇಳಿ ಬೇಸತ್ತು ಅದಕ್ಕೊಂದು ಹಳೆಯ ಲಂಗದ ನಾಡಾ ಬಿಗಿದು ಸುಮ್ಮನಾಗಿದ್ದಾಳೆ.

ಅವನದೊಂದು ಹಟವಿತ್ತು. ಕಾವು ಬೇಕಾದವನು ತಾನೇ ಬರಬೇಕು, ಚಪ್ಪಲಿ ಬಿಟ್ಟು ನೆಲದ ಮೇಲೆ ನಿಲ್ಲಬೇಕು, ಎರಡೂ ಕೈ ಸಡಿಲು ಬಿಡಬೇಕು. ಇಬ್ರಾಹಿಮ ಕುಕ್ಕರಗಾಲಲ್ಲಿ ಕೂತು, ಅವನ ಮಣಿಕಟ್ಟಿನಿಂದ ನೆಲದವರೆಗೆ ಒಂದು ಸುತಳಿ ಹಿಡಿದು ಗಂಟು ಹಾಕುತ್ತಿದ್ದ. ಆಮೇಲೆ ಬೇರೆ ಬೇರೆ ಉದ್ದದ ನಾಲ್ಕೈದು ಹಳೆಯ ಕಾವುಗಳನ್ನು ಕೈಗೆ ಕೊಟ್ಟು, ಇದನ್ನ ಬೀಸು, ಅದನ್ನ ಬೀಸು ಅನ್ನುತ್ತಿದ್ದ. ಅಷ್ಟಾದ ಮೇಲೆಯೇ ಕಟ್ಟಿಗೆ ಮುಟ್ಟುವುದು. ಇಂಚು, ಫೂಟು ಅವನ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ. ತೆಲಸಂಗದ ಒಬ್ಬ ಮಗ, ಜ್ವರ ಬಂದು ಮಲಗಿದ್ದ ಅಪ್ಪನನ್ನು ಹಾಸಿಗೆ ಸಮೇತ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಾಕಿಕೊಂಡು ಅಳತೆಗೆ ಬಂದಿದ್ದ. ಮಲಗಿದವರ ಅಳತೆ ತೆಗೆಯುವವರು ಬೇರೆ ಇದ್ದಾರೆ, ಇವರು ಎದ್ದು ನಿಂತ ಮೇಲೆ ಕರೆದುಕೊಂಡು ಬಾ ಅಂತ ಇಬ್ರಾಹಿಮ ಹಾಗೇ ವಾಪಸು ಅಟ್ಟಿದ. ಮುದುಕ ಟ್ರಾಲಿಯಲ್ಲೇ ಎದ್ದು ಕೂತು ಬೈದನಂತೆ. ವಾರದಲ್ಲಿ ನಡೆದುಕೊಂಡೇ ಬಂದ.

ಈ ಹಟಕ್ಕೆ ಫಲವೂ ಇತ್ತು. ಉದ್ದವಾಯಿತು ಅಂತಲೋ ಗಿಡ್ಡವಾಯಿತು ಅಂತಲೋ ಅವನು ಕೊಟ್ಟ ಒಂದೇ ಒಂದು ಕಾವು ಮೂವತ್ತೆಂಟು ವರ್ಷದಲ್ಲಿ ವಾಪಸು ಬಂದಿರಲಿಲ್ಲ. ಮುರಿದು ಬಂದದ್ದುಂಟು, ಗೆದ್ದಲು ಹಿಡಿದು ಬಂದದ್ದುಂಟು. ಅದು ಕಟ್ಟಿಗೆಯ ಆಯುಷ್ಯ. ಅಳತೆ ತಪ್ಪಿ ಬಂದದ್ದಿಲ್ಲ. ಇಬ್ರಾಹಿಮನಿಗೆ ಹೊಲವಿಲ್ಲ, ಮಕ್ಕಳಿಲ್ಲ, ಹಜ್ ಯಾತ್ರೆಯ ಯೋಗ ಕೂಡಿ ಬಂದಿಲ್ಲ, ಇದೊಂದು ಮಾತಿತ್ತು. ಅದನ್ನು ಅವನು ಚಹದಂಗಡಿಯಲ್ಲಿ, ಮಸೀದಿಯ ಹೊರಗೆ, ಬಸ್ಸಿನಲ್ಲಿ ಪಕ್ಕದ ಸೀಟಿನವನಿಗೆ, ಎಲ್ಲರಿಗೂ ಹೇಳುತ್ತಿದ್ದ. ಸತ್ತ ಮೇಲೆ ಕಬರಿನೊಳಗೆ ದೇವದೂತ ಫರಿಶ್ತೇರು ಬಂದು ನಿನ್ನ ರಬ್, ನಿನ್ನ ದೇವರು ಯಾರು ಅಂತ ಕೇಳಿದರೆ ಈ ಮನುಷ್ಯ ನನ್ನ ಕಾವು ಒಂದೂ ವಾಪಸು ಬಂದಿಲ್ಲ ಅನ್ನುತ್ತಾನೆ ಎಂದು ಹುಸೇನಬಿ ನೆರೆಹೊರೆಯವರ ಮುಂದೆ ಆಡಿಕೊಂಡು ನಗುತ್ತಿದ್ದಳು. ಅವನಿಗೆ ಅದೂ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ಇಂಥವನ ಬದುಕಿನಲ್ಲಿ ಗಾಲ್ಫ್ ಬಂದದ್ದು ಸಕ್ಕರೆ ಕಾರ್ಖಾನೆಯ ಅಧ್ಯಕ್ಷ ಆಬಾಸಾಹೇಬರ ಮೂಲಕ. ಕಾರ್ಖಾನೆಯ ಹೆಸರು ನಮಗೆ ಬೇಡ, ನದಿಯ ಕಡೆಗಿದೆ ಅಂದರೆ ಸಾಕು. ಆಬಾಸಾಹೇಬರು ಒಮ್ಮೆ ಪುಣೆಗೆ ಹೋದಾಗ, ಆಫೀಸಿನಲ್ಲಿ ವರ್ಷಗಟ್ಟಲೆ ಸಹಿ ಬೀಳದ ಕಾಗದಗಳಿಗೆ ಗಾಲ್ಫ್ ಆಡುವ ಹುಲ್ಲಿನ ಮೇಲೆ ನಡೆದಾಡುತ್ತ ಸಹಿ ಬೀಳುವುದನ್ನು ಕಣ್ಣಾರೆ ಕಂಡು ಬಂದರು. ಬಂದವರೇ, ಕಾರ್ಖಾನೆಯ ಗೆಸ್ಟ್ ಹೌಸಿನ ಹಿಂದೆ ಸವಳು ಹಿಡಿದು ಜೋಳವೂ ಬೆಳೆಯದ ಹೊಲದಲ್ಲಿ ಮೂರು ಕುಳಿ ತೋಡಿಸಿ, ಮೂರು ಬಾವುಟ ನೆಟ್ಟು, ಗಾಲ್ಫ್ ಮೈದಾನ ಅಂತ ಬೋರ್ಡು ಹಾಕಿಸಿಬಿಟ್ಟರು. ಮೂರೂ ಕಡೆ ಕಬ್ಬು. ಹೊಡೆದ ಚೆಂಡು ಕಬ್ಬಿನಲ್ಲಿ ಕಾಣೆಯಾಗುವುದು, ಕಟಾವಿನ ಹೊತ್ತಿಗೆ ಕಬ್ಬಿನ ಜೊತೆ ಗಾಣಕ್ಕೆ ಬಂದು ಸಿಕ್ಕಿಕೊಂಡು ಅರ್ಧ ದಿನ ಕಾರ್ಖಾನೆ ನಿಲ್ಲುವುದು, ಇದೆಲ್ಲ ನಡೆದಿತ್ತು. ಕಲಿಸಲು ಕಾರ್ಖಾನೆಯ ಶಾಲೆಯ ವ್ಯಾಯಾಮ ಮಾಸ್ತರ ಸುಮೇಧ ಇದ್ದ. ಇಪ್ಪತ್ತು ವರ್ಷ ಖೋ ಖೋ ಕಲಿಸಿದವನು. ಗಾಲ್ಫನ್ನು ಫೋನಿನಲ್ಲಿ ನೋಡಿ ಒಂದು ದಿನ ಮುಂಚೆ ತಾನು ಕಲಿತು ಮರುದಿನ ಅಧ್ಯಕ್ಷರಿಗೆ ಕಲಿಸುತ್ತಿದ್ದ.

ಗಾಲ್ಫಿನ ಚೀಲದಲ್ಲಿ ಹತ್ತಾರು ಕೋಲುಗಳಿರುತ್ತವೆ. ಎಲ್ಲಕ್ಕಿಂತ ಉದ್ದನೆಯದು, ದಪ್ಪ ತಲೆಯದು, ಚೆಂಡನ್ನು ಎಲ್ಲಕ್ಕಿಂತ ದೂರ ಕಳಿಸುವುದು ಡ್ರೈವರ್ ಎಂಬುದು. ಆಬಾಸಾಹೇಬರ ಡ್ರೈವರು ಒಂದು ದಿನ ಚೆಂಡಿನ ಬದಲು ಅಲ್ಲೇ ನಿಂತಿದ್ದ ಟ್ರಾಲಿಯ ಗಾಲಿಗೆ ತಗುಲಿ, ತಲೆ ಒಂದು ಕಡೆ, ದಂಡ ಎರಡು ತುಂಡಾಗಿ ಇನ್ನೊಂದು ಕಡೆ ಬಿದ್ದವು. ಸರಕಾರದ ಸಕ್ಕರೆ ಖಾತೆಯ ದೊಡ್ಡ ಅಧಿಕಾರಿ ಆಟಕ್ಕೆ ಬರುವುದಕ್ಕೆ ಹದಿನೈದೇ ದಿನ ಉಳಿದಿತ್ತು. ಹೊಸ ದಂಡ ಪುಣೆಯಿಂದ ಬರಲು ಒಂದು ತಿಂಗಳು ಬೇಕಂತೆ. ಹಿಂದಿನ ಕಾಲದಲ್ಲಿ ಈ ದಂಡಗಳನ್ನು ಕಟ್ಟಿಗೆಯಲ್ಲೇ ಮಾಡುತ್ತಿದ್ದರು ಅಂತ ಸುಮೇಧ ಎಲ್ಲೋ ಓದಿದ್ದ. ಕಟ್ಟಿಗೆ ಅಂದಮೇಲೆ ಇಬ್ರಾಹಿಮ ಇದ್ದಾನಲ್ಲ ಅಂತ ನಾಲ್ಕು ಜನ ಒಟ್ಟಿಗೆ ಹೇಳಿದರು.

ದಂಡ ಎಷ್ಟು ಉದ್ದವಿರಬೇಕು ಅನ್ನುವ ಪ್ರಶ್ನೆ ಆಡಳಿತ ಮಂಡಳಿಯ ಸಭೆಗೆ ಬಂತು. ಬರಬಾರದಿತ್ತು, ಬಂತು. ಉಪಾಧ್ಯಕ್ಷ ಶ್ರೀಪಾಲ ಆರಡಿಯ ಆಳು, ಕೊಲ್ಹಾಪುರದಿಂದ ತಾನೂ ಒಂದು ಸೆಟ್ ತರಿಸಿಕೊಂಡಿದ್ದ, ಅವನ ಡ್ರೈವರು ನಲವತ್ತಾರು ಇಂಚು ಅನ್ನುವ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಸುಮೇಧ ಪಾಪ ತಯಾರಾಗಿ ಹೋಗಿದ್ದ. ದಂಡ ಉದ್ದವಾದಷ್ಟೂ ತಲೆಯ ವೇಗ ಹೆಚ್ಚುತ್ತದೆ, ಆದರೆ ಚೆಂಡು ತಲೆಯ ನಡುವಿಗೆ ತಾಗುವುದು ಕಡಿಮೆಯಾಗುತ್ತದೆ, ದೊಡ್ಡ ದೊಡ್ಡ ಆಟಗಾರರೇ ನಲವತ್ತೈದರ ಒಳಗೆ ಕತ್ತರಿಸಿಕೊಳ್ಳುತ್ತಾರೆ, ಎತ್ತರ ಕಡಿಮೆ ಇದ್ದವರಿಗೆ ಇನ್ನೂ ಗಿಡ್ಡ ಬೇಕು, ಮಣಿಕಟ್ಟಿನಿಂದ ನೆಲದವರೆಗೆ ಅಳೆದು ನೋಡಬೇಕು, ಇದನ್ನೆಲ್ಲ ಹೇಳಬೇಕೆಂದಿದ್ದ. ದುರ್ದೈವಕ್ಕೆ ಮೊದಲ ವಾಕ್ಯದಲ್ಲೇ, ನಿಯಮದ ಪ್ರಕಾರ ನಲವತ್ತೆಂಟಕ್ಕಿಂತ ಉದ್ದ ಇರುವಂತಿಲ್ಲ ಅಂದುಬಿಟ್ಟ. ಆಮೇಲೆ ಅವನ ಮಾತು ಯಾರೂ ಕೇಳಲಿಲ್ಲ. ಅಧ್ಯಕ್ಷರ ಡ್ರೈವರಿನ ಉದ್ದವು ನಲವತ್ತೆಂಟು ಇಂಚು ಇರತಕ್ಕದ್ದು ಅಂತ ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಶ್ರೀಪಾಲನೂ ಕೈ ಎತ್ತಿದ. ಠರಾವು ಟೈಪಾಗಿ, ಸಿಕ್ಕಾ ಬಿದ್ದು, ಸುಮೇಧನ ಕೈಯಲ್ಲಿ ಹಾರೂಗೇರಿಗೆ ಬಂತು.

ಇಬ್ರಾಹಿಮ ಠರಾವನ್ನು ತಿರುಗಿಸಿ ಮುರುಗಿಸಿ ನೋಡಿದ. ನೆಲದ ಮೇಲಿಟ್ಟು ನೋಡಿದ.

"ಈ ಕಾಗದಕ್ಕ ಮಣಿಕಟ್ಟ ಎಲ್ಲೈತ್ರಿ ಮಾಸ್ತರ? ನಾ ಸುತಳಿ ಎಲ್ಲಿ ಹಿಡೀಲಿ?"

ಅಧ್ಯಕ್ಷರು ಬರುವುದಿಲ್ಲ ಅಂತ ಸುಮೇಧ, ಬರದಿದ್ದರೆ ಕಾವು ಇಲ್ಲ ಅಂತ ಇಬ್ರಾಹಿಮ. ಮೂರನೆಯ ದಿನ ಸಂತೆಪೇಟೆಯಲ್ಲಿ ಬಿಳಿ ಗಾಡಿ ಬಂದು ನಿಂತಿತು. ಉಳ್ಳಾಗಡ್ಡಿ ತೂಗುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ನೋಡತೊಡಗಿದರು. ಆಬಾಸಾಹೇಬರು ಅಂಗಡಿಯ ಹಿಂದಿನ ಕೋಣೆಗೆ ಬಂದು ಬಾಗಿಲು ಹಾಕಿಸಿದರು, ಸುಮೇಧನಿಗೆ ಗೋಡೆಯ ಕಡೆ ಮುಖ ಮಾಡಿ ನಿಲ್ಲಲು ಹೇಳಿ ಬೂಟು ಬಿಚ್ಚಿದರು. ಬೂಟಿನ ಹಿಮ್ಮಡಿ ಮೂರು ಬೆರಳು, ಒಳಗಿಟ್ಟ ಗಾದಿ ಇನ್ನೆರಡು ಬೆರಳು. ಬೂಟಿನಿಂದ ಇಳಿದರೆ ಅಧ್ಯಕ್ಷರು ಐದಡಿ ಎರಡು ಇಂಚು, ಇಬ್ರಾಹಿಮನ ಕಣ್ಣಿಗೆ ಅವರು ಸ್ವಲ್ಪ ನಾಚಿಕೊಂಡ, ಸಾಧಾರಣ ಮನುಷ್ಯನಾಗಿ ಕಂಡರು. ಅವನಿಗೆ ಅವರ ಮೇಲೆ ಪ್ರೀತಿಯೇ ಬಂತು.

ಸುತಳಿ ಹಿಡಿದ, ಗಂಟು ಹಾಕಿದ. ಹಳೆಯ ಕಾವುಗಳನ್ನು ಒಂದೊಂದಾಗಿ ಬೀಸಲು ಕೊಟ್ಟ. ಉದ್ದದ್ದನ್ನು ಬೀಸಿದಾಗ ಅದು ಹಿಂದೆ ಗೋಡೆಗೆ ಬಡಿಯಿತು, ಅಧ್ಯಕ್ಷರ ತೋಳು ಅದರ ಹಿಂದೆ ಎಳೆದುಕೊಂಡು ಹೋಯಿತು. ಆಮೇಲೆ ಒಂದನ್ನು ಕೊಟ್ಟ. ಅದು ಮೈ ಸುತ್ತ ಹಗುರಾಗಿ ತಿರುಗಿ ಸರಿಯಾದ ಜಾಗಕ್ಕೆ ಬಂದು ನಿಂತಿತು. ಆಬಾಸಾಹೇಬರಿಗೇ ಗೊತ್ತಾಯಿತು, ಮತ್ತೊಮ್ಮೆ ಬೀಸಿದರು, ಮುಗುಳ್ನಕ್ಕರು. ಸುಮೇಧ ಈ ಕಡೆ ತಿರುಗಿ ತನ್ನ ಟೇಪಿನಿಂದ ಅಳೆದ. ನಲವತ್ಮೂರು ಇಂಚು ಬಂತು.

ಅಧ್ಯಕ್ಷರ ಮುಖ ಇಳಿದುಹೋಯಿತು. ನಲವತ್ಮೂರು ಹೆಂಗಸರ ಅಳತೆ ಅಂತ ಅವರೂ ಫೋನಿನಲ್ಲಿ ನೋಡಿದ್ದರು.

"ಹಿಂಗ ತಿರಗಬೇಕು, ಹಿಂಗ ಹೊಡೀಬೇಕು," ಅಂದರು ಬೂಟು ಹಾಕಿಕೊಳ್ಳುತ್ತ. "ಮತ್ತ ನಲವತ್ತೆಂಟ ಇರಬೇಕು. ಠರಾವ ಆಗೇತಿ."

ಗಾಡಿ ಹೋಯಿತು. ಇಬ್ರಾಹಿಮನಿಗೆ ಅನ್ನ ಇಳಿಯದಾಯಿತು. ನಲವತ್ತೆಂಟು ಮಾಡಿದರೆ ಚೆಂಡು ತಪ್ಪುತ್ತದೆ, ಕಾವು ವಾಪಸು ಬರುತ್ತದೆ. ನಲವತ್ಮೂರು ಮಾಡಿದರೆ ಟೇಪು ಹಿಡಿಯುತ್ತಾರೆ, ಆಗಲೂ ವಾಪಸು ಬರುತ್ತದೆ. ಯಾವ ಕಡೆಯಿಂದ ನೋಡಿದರೂ ಅವನ ಮೂವತ್ತೆಂಟು ವರ್ಷ ಮಣ್ಣು ಪಾಲು. ಅಯ್ಯೋ ಮಾರಾಯಾ, ನಲವತ್ತೆಂಟು ಕೇಳಿದವರಿಗೆ ನಲವತ್ತೆಂಟು ಕೊಟ್ಟು ಕೈ ತೊಳೆದುಕೋ ಅಂತ ಹುಸೇನಬಿ ಹೇಳಿದಳು. ತಪ್ಪು ಅಂತ ಗೊತ್ತಿದ್ದೂ ತಪ್ಪು ಕಾವು ಮಾಡಲು ಈ ಕೈಗೆ ಬರುವುದಿಲ್ಲ ಅಂತ ಅವನು ಕೈ ಮುಂದೆ ಹಿಡಿದು ತೋರಿಸಿದ. ಕೈಯಲ್ಲಿ ಏನು ನೋಡಬೇಕೋ ತಿಳಿಯದೆ ಅವಳು ಚಹ ಕುದಿಸಲು ಎದ್ದು ಹೋದಳು.

ದಾರಿ ಸಿಕ್ಕಿದ್ದು ಅವನ ಅಕ್ಕನ ಮಗ ಇಸ್ರಾರನ ಫ್ಲೆಕ್ಸ್ ಅಂಗಡಿಯಲ್ಲಿ. ಯಾರದೋ ಹುಟ್ಟುಹಬ್ಬದ ಬ್ಯಾನರಿನಲ್ಲಿ ಇಬ್ಬರು ಮುಖಂಡರಿಗೆ ಜಾಗ ಸಾಲದೆ ಇಸ್ರಾರ ಅವರನ್ನು ಕಂಪ್ಯೂಟರಿನಲ್ಲಿ ಚಿಕ್ಕದು ಮಾಡುತ್ತಿದ್ದ. ಮೀಸೆ, ಕನ್ನಡಕ, ಕೊರಳ ಹಾರ, ಎಲ್ಲವೂ ಒಟ್ಟಿಗೆ ಕುಗ್ಗಿದವು, ನೋಡಿದರೆ ಕುಗ್ಗಿದ್ದು ಗೊತ್ತೇ ಆಗಲಿಲ್ಲ. ಇಬ್ರಾಹಿಮ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಇಂಚುಗಳನ್ನೂ ಹೀಗೆ ಮಾಡಬಹುದೇ ಅಂತ ಕೇಳಿದ. ಇಸ್ರಾರ ನಕ್ಕು, ದರ್ಜಿಯ ಟೇಪಿನ ಚಿತ್ರ ತೆಗೆದು ನೂರಕ್ಕೆ ತೊಂಬತ್ತರಷ್ಟು ಮಾಡಿ, ಹಳದಿ ಫ್ಲೆಕ್ಸಿನ ಮೇಲೆ ಉದ್ದನೆಯ ಪಟ್ಟಿ ಮುದ್ರಿಸಿ ಕೊಟ್ಟ. ನಿಜವಾದ ನಲವತ್ಮೂರು ಆ ಪಟ್ಟಿಯ ಮೇಲೆ ನಲವತ್ತೆಂಟಾಯಿತು. ಸುಳ್ಳು ಟೇಪಿನಲ್ಲಿದೆ, ಕಾವಿನಲ್ಲಿ ಇಲ್ಲ ಅಂತ ಇಬ್ರಾಹಿಮ ತನ್ನ ಮನಸ್ಸಿಗೆ ಹೇಳಿಕೊಂಡ. ಇಂಚು ಅವನ ಭಾಷೆಯೇ ಅಲ್ಲದ್ದರಿಂದ ಅದರಲ್ಲಿ ಸುಳ್ಳು ಹೇಳುವುದು ಅವನಿಗೆ ಅಷ್ಟು ಕಷ್ಟವೆನಿಸಲಿಲ್ಲ.

ನಿಪ್ಪಾಣಿಯ ಆಚೆ ಘಟ್ಟದ ಕಡೆಯಿಂದ ಬರುವ ಧಾಮಣ ಕಟ್ಟಿಗೆಯಲ್ಲಿ ಅವನು ಆ ದಂಡ ಮಾಡಿದ. ಬಾಗಿದರೆ ಬಾಗಬೇಕು, ಬಿಟ್ಟರೆ ನೆಟ್ಟಗಾಗಬೇಕು, ಅಂಥ ಕಟ್ಟಿಗೆ. ಅರಗು ಹಚ್ಚಿ ಉಜ್ಜಿ ಉಜ್ಜಿ ಮಿಂಚಿಸಿದ, ಹಿಡಿಯುವಲ್ಲಿ ಚರ್ಮ ಸುತ್ತಿದ, ಹಳೆಯ ತಲೆ ಕೂರಿಸಿದ. ಗೆಸ್ಟ್ ಹೌಸಿಗೆ ತಾನೇ ಒಯ್ದು, ಗಾಲ್ಫಿನ ಕೋಲನ್ನು ಗಾಲ್ಫಿನ ಟೇಪಿನಿಂದಲೇ ಅಳೆಯಬೇಕು ಅಂತ ಹೇಳಿ ಹಳದಿ ಪಟ್ಟಿ ಮುಂದಿಟ್ಟ. ಆಬಾಸಾಹೇಬರು ಕನ್ನಡಕ ಹಾಕಿಕೊಂಡು ಸ್ವತಃ ಓದಿದರು. ನಲವತ್ತೆಂಟು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಅಧ್ಯಕ್ಷರು ಪಟ್ಟಿಯನ್ನು ಕೈಯಲ್ಲೇ ಹಿಡಿದು ಯೋಚಿಸಿದರು, ಬೂಟು ಬಿಚ್ಚಿದರು, ಈ ಸಲ ಯಾರಿಗೂ ಗೋಡೆಯ ಕಡೆ ತಿರುಗಲು ಹೇಳಲಿಲ್ಲ. ಕಂಬಕ್ಕೆ ಆತು ನಿಂತು ಅಳೆ ಅಂದರು. ಸುಮೇಧ ಅಳೆದ. ಐದಡಿ ಒಂಬತ್ತು ಇಂಚು. ಮತ್ತೆ ಅಳೆ ಅಂದರು. ಮತ್ತೆ ಅಷ್ಟೇ. ಸುಮೇಧನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು, ಅವನು ಇಬ್ರಾಹಿಮನ ಕಡೆ ನೋಡಿದ, ಇಬ್ರಾಹಿಮ ನೆಲ ನೋಡಿದ. ಮಾಸ್ತರನಿಗೂ ನೌಕರಿ ಇತ್ತು, ಮನೆ ಇತ್ತು. ಬರೋಬರಿ ಐತ್ರಿ ಸರ್ ಅಂದ. ಅಧ್ಯಕ್ಷರು ಗೆಸ್ಟ್ ಹೌಸಿನ ಅಡಿಗೆಯವನನ್ನು ಕರೆಸಿ ಅವನ ಪಕ್ಕದಲ್ಲಿ ನಿಂತು ನೋಡಿದರು, ಮನೆಗೆ ಫೋನು ಮಾಡಿ ಹೆಂಡತಿಯನ್ನು ಕರೆಸಿದರು. ಆ ಪಟ್ಟಿಯಿಂದ ಅಳೆದಾಗ ಅಡಿಗೆಯವನೂ ಬೆಳೆದಿದ್ದ, ಹೆಂಡತಿಯೂ ಬೆಳೆದಿದ್ದಳು, ಅದು ಅವರ ಲಕ್ಷ್ಯಕ್ಕೆ ಬರಲೇ ಇಲ್ಲ.

ಆಟದ ದಿನ ದೊಡ್ಡ ಅಧಿಕಾರಿಯ ಎದುರು ಆಬಾಸಾಹೇಬರ ಚೆಂಡು ನೆಟ್ಟಗೆ ಹೋಗಿ ಎರಡನೆಯ ಬಾವುಟದ ಬುಡಕ್ಕೆ ಬಿತ್ತು. ಶ್ರೀಪಾಲನ ನಲವತ್ತಾರು ಇಂಚು ಮೂರು ಚೆಂಡುಗಳನ್ನು ಕಬ್ಬಿಗೆ ಕೊಟ್ಟಿತು. ಇಬ್ರಾಹಿಮ ಬೇಲಿಯ ಆಚೆ ನಿಂತು ನೋಡಿ, ಕಣ್ಣು ಒರೆಸಿಕೊಂಡು ಬಸ್ಸು ಹತ್ತಿದ. ಅವನಿಗೆ ಆ ಸಂಜೆಯಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲವಂತೆ. ಹಾಗಂತ ಅವನೇ ಹುಸೇನಬಿಯ ಮುಂದೆ ಹೇಳಿ ಬೈಸಿಕೊಂಡ.

ಕಾರ್ಖಾನೆಯ ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆಲ್ಲ ಏನಾದರೂ ಉಡುಗೊರೆ ಕೊಡುವುದು ಪದ್ಧತಿ. ಸ್ಟೀಲಿನ ಡಬ್ಬಿ, ಗೋಡೆ ಗಡಿಯಾರ, ಒಂದು ವರ್ಷ ಛತ್ರಿ. ಆ ವರ್ಷ ಅಧ್ಯಕ್ಷರು ಟೇಪು ಕೊಡೋಣ ಅಂದರು. ಹಳದಿ ಟೇಪು, ಅದೇ ಟೇಪು, ಅದನ್ನು ಮುದ್ರಿಸಿದ ಅಂಗಡಿಯಲ್ಲೇ ಮಾಡಿಸಬೇಕು. ಇಸ್ರಾರನ ಕಂಪ್ಯೂಟರಿನಲ್ಲಿ ಅದು ಹಾಗೇ ಕೂತಿತ್ತು. ಅವನು ಒಂದು ತುದಿಗೆ ಆಬಾಸಾಹೇಬರ ಭಾವಚಿತ್ರ, ಇನ್ನೊಂದು ತುದಿಗೆ 'ಆದರ್ಶ ಕಾವು 48 ಇಂಚು' ಅಂತ ಹಾಕಿ ಹನ್ನೆರಡು ಸಾವಿರ ಮುದ್ರಿಸಿಬಿಟ್ಟ. ಆ ಸಾಲು ಅಧ್ಯಕ್ಷರ ಸ್ವಂತದ್ದು. ನಲವತ್ತೆಂಟು ಇಂಚಿನ ಕಾವು ಹಿಡಿದ ಮೇಲೆಯೇ ತನ್ನ ಬದುಕು ನೆಟ್ಟಗಾದದ್ದು, ಪ್ರತಿಯೊಬ್ಬ ಸದಸ್ಯನೂ ಅಷ್ಟೇ ಉದ್ದದ ಕಾವು ಹಿಡಿಯಬೇಕು ಅಂತ ಸಭೆಯಲ್ಲಿ ಮುಕ್ಕಾಲು ಗಂಟೆ ಭಾಷಣವನ್ನೂ ಮಾಡಿದರು.

ಅಲ್ಲಿಂದ ಮೂರು ತಿಂಗಳು ರಾಯಬಾಗದಿಂದ ಅಥಣಿಯವರೆಗೆ, ಚಿಕ್ಕೋಡಿಯಿಂದ ಕಾಗವಾಡದವರೆಗೆ ಜನ ಅಳೆದದ್ದೇ ಅಳೆದದ್ದು. ಎಲ್ಲರೂ ಬೆಳೆದರು. ಗಿಡ್ಡ ಅಂತ ಎರಡು ಸಲ ಬೇಡವೆನಿಸಿಕೊಂಡ ವರ ಮೂರನೆಯ ಸಲ ಅದೇ ಮನೆಗೆ ಟೇಪು ಹಿಡಿದುಕೊಂಡು ಹೋಗಿ ಕನ್ಯೆಯನ್ನು ಒಪ್ಪಿಸಿಕೊಂಡು ಬಂದ. ಶಾಲೆಯ ಮಕ್ಕಳು ಉದ್ದ ಜಿಗಿತದಲ್ಲಿ ಹಿಂದಿನ ದಾಖಲೆಗಳನ್ನೆಲ್ಲ ಮುರಿದರು. ಮನೆಯಲ್ಲಿ ಎದೆಯಳತೆ ತೆಗೆದುಕೊಂಡು ಹೋಗಿ ದರ್ಜಿಗೆ ಹೇಳಿದವರೆಲ್ಲ ಅಂಗಿಯೊಳಗೆ ತಿರುಗಾಡಲು ಜಾಗ ಪಡೆದರು. ಸೈನ್ಯದ ಭರ್ತಿ ಮೇಳಕ್ಕೆ ಹೋದ ಹುಡುಗರು ಅಲ್ಲಿ ಆರಾರು ಇಂಚು ಗಿಡ್ಡರಾಗಿ ವಾಪಸು ಬಂದಾಗ, ದೊಡ್ಡ ಊರಿನ ಟೇಪು ನಮ್ಮ ಗಡಿ ಭಾಗದವರಿಗೆ ಮೊದಲಿಂದಲೂ ಅನ್ಯಾಯ ಮಾಡುತ್ತ ಬಂದಿದೆ ಅಂತ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಮನವಿ ಪತ್ರ ಸಲ್ಲಿಕೆಯಾಯಿತು. ಬೇರೆ ಯಾವ ವಿಷಯದಲ್ಲೂ ಒಟ್ಟಿಗೆ ಸಹಿ ಮಾಡದವರು ಎರಡಕ್ಕೂ ಒಟ್ಟಿಗೆ ಸಹಿ ಮಾಡಿದ್ದರು.

ಇಬ್ರಾಹಿಮನ ಅಂಗಡಿಯ ಮುಂದೆ ಸಾಲು ಹತ್ತಿತು. ಯಾರಿಗೂ ಸುತಳಿ ಬೇಡ, ಬೀಸಿ ನೋಡುವುದು ಬೇಡ. ಎಲ್ಲರಿಗೂ ನಲವತ್ತೆಂಟು, ಹಳದಿ ಟೇಪಿನ ನಲವತ್ತೆಂಟು. ಎದೆಯುದ್ದ ಬರುವವನಿಗೂ ಅದೇ, ಬಾಗಿಲಿಗೆ ತಲೆ ತಾಗುವವನಿಗೂ ಅದೇ. ಕಬ್ಬಿನ ಕಸ ತೆಗೆಸುವ ಕೂಲಿ ಟೋಳಿಗಳ ಮೇಸ್ತ್ರಿಗಳಿಗೆ, ಅಂದರೆ ಮುಕಾದಮರಿಗೆ, ಎಲ್ಲರ ಕಾವೂ ಅಷ್ಟೇ ಇರಬೇಕು ಅಂತ ಕಾರ್ಖಾನೆಯಿಂದಲೇ ಹುಕುಂ ಹೋಗಿತ್ತು. ಇಬ್ರಾಹಿಮ ಕಾಡಿದ, ಬೇಡಿದ, ನಿಂತು ತೋರಿಸಿ ಅಂದ. ತೋರಿಸಲಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ಪ್ಲಾಸ್ಟಿಕ್ ಪೈಪನ್ನು ಟೇಪಿಗೆ ಸರಿಯಾಗಿ ಕೊಯ್ದು ರಾಶಿ ಹಾಕಿದಾಗ ಸಾಲು ಅರ್ಧ ಆ ಕಡೆ ಸರಿಯಿತು. ಉಳಿದ ಅರ್ಧಕ್ಕೆ ಅವನು ಹಲ್ಲು ಕಚ್ಚಿಕೊಂಡು ನಲವತ್ತೆಂಟು ಕೊಯ್ದು ಕೊಟ್ಟ. ಕೇಳಿದ್ದನ್ನೇ ಕೊಟ್ಟಿದ್ದರಿಂದ ಅವು ವಾಪಸು ಬರಲಿಲ್ಲ, ಲೆಕ್ಕಕ್ಕೆ ಅವನ ಮಾತು ಉಳಿಯಿತು. ಆದರೆ ಅವನು ಅದನ್ನು ಚಹದಂಗಡಿಯಲ್ಲಿ ಹೇಳುವುದನ್ನು ಬಿಟ್ಟ.

ಒಂದು ಶುಕ್ರವಾರ ನಮಾಜು ಮುಗಿಸಿಕೊಂಡು ಅವನು ಸೀದಾ ಗೆಸ್ಟ್ ಹೌಸಿಗೆ ಹೋದ. ಆಬಾಸಾಹೇಬರು ಹುಲ್ಲಿನ ಮೇಲೆ ಒಬ್ಬರೇ ಇದ್ದರು, ಹಿಮ್ಮಡಿ ಇಲ್ಲದ ಸಾದಾ ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಧಾಮಣದ ಡ್ರೈವರು. ಇಬ್ರಾಹಿಮ ಎಲ್ಲವನ್ನೂ ಹೇಳಿದ. ನೂರಕ್ಕೆ ತೊಂಬತ್ತು ಅಂತ ಹೇಳಿದ. ತಪ್ಪು ನನ್ನದು, ಟೇಪು ವಾಪಸು ತರಿಸಿ ಅಂತ ಕೈ ಮುಗಿದ. ಅಧ್ಯಕ್ಷರು ಒಂದು ಚೆಂಡು ಹೊಡೆದರು, ಅದು ಹೋದ ಕಡೆ ನೋಡಿದರು.

"ಇಬ್ರಾಹಿಮ, ಅರವತ್ತ ವರ್ಷ ನಾ ಕುತ್ತಿಗಿ ಎತ್ತಿ ಮಾತಾಡೇನಿ. ಈಗ ಎಲ್ಲಾರ್ ಜೋಡಿ ಮಾರಿಗೆ ಮಾರಿ ಕೊಟ್ಟ ಮಾತಾಡಾಕತ್ತೇನಿ. ಆ ಟೇಪ ಸುಳ್ಳ ಅಂದಿ ಅಂದ್ರ ನಾನೂ ಸುಳ್ಳ ಆಗ್ತೇನಿ. ನೀ ನನ್ನ ಸುಳ್ಳ ಮಾಡಬ್ಯಾಡ."

ಬೈದಿದ್ದರೆ ಇಬ್ರಾಹಿಮ ಎದುರು ಮಾತಾಡುತ್ತಿದ್ದ. ಅವರ ಕಣ್ಣಲ್ಲಿ ನೀರಿತ್ತು. ಅವನು ಸಲಾಂ ಮಾಡಿ ಬಂದುಬಿಟ್ಟ.

ಮುಂದಿನ ಸಂತೆಯ ದಿನ ಅಲಖನೂರಿನ ದುಂಡವ್ವ ಬಂದಳು. ಅವಳನ್ನು ದೂರದಿಂದಲೇ ಗುರುತಿಸಬಹುದು. ಸಂತೆಯ ಗಂಡಸರ ತಲೆಗಳ ಮೇಲೆ ಅವಳ ಸೆರಗು ಕಾಣುತ್ತದೆ. ಅರವತ್ತೈದು ದಾಟಿದೆ, ಬೆನ್ನು ಒಂದಿಷ್ಟೂ ಬಾಗಿಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳ ನಡು ಹಿಡಿದುಹೋಗಿ, ಗೋಡೆ ಹಿಡಿದು ಹಿಡಿದು ಇದೇ ಅಂಗಡಿಗೆ ಬಂದಿದ್ದಳು. ಇಬ್ರಾಹಿಮ ಎರಡು ದಿನ ತಲೆ ಕೆಡಿಸಿಕೊಂಡು ಅವಳ ಕುರ್ಪಿಗೆ ಅವಳ ಮೈಗೆ ತಕ್ಕ ಉದ್ದನೆಯ ಕಾವು ಮಾಡಿಕೊಟ್ಟ. ಅಂದಿನಿಂದ ಅವಳು ನಿಂತೇ ಕಸ ತೆಗೆಯುತ್ತಾಳೆ. ನಡು ನೋವು ಅನ್ನುವುದನ್ನೇ ಮರೆತಿದ್ದಾಳೆ. ತಾನು ಮಾಡಿದ್ದರಲ್ಲಿ ಯಾವುದು ಎಲ್ಲಕ್ಕಿಂತ ಚಂದದ್ದು ಅಂತ ಯಾರಾದರೂ ಕೇಳಿದ್ದರೆ ಇಬ್ರಾಹಿಮ ಅದನ್ನೇ ಹೇಳುತ್ತಿದ್ದ. ಆ ಕಾವು, ಕುರ್ಪಿ ತೆಗೆದು ಬರಿಯ ಕಾವು, ಈಗ ಅವಳ ಕೈಯಲ್ಲಿತ್ತು.

ಇದನ್ನು ನಲವತ್ತೆಂಟಕ್ಕೆ ಕೊಯ್ದು ಕೊಡು ಅಂದಳು. ಸೊಂಟದಿಂದ ಹಳದಿ ಟೇಪು ತೆಗೆದು ಹಿಡಿದಳು. ಐವತ್ತಾರು ಬರುತ್ತಿತ್ತು.

ಇಬ್ರಾಹಿಮ ಗರಗಸ ಮುಟ್ಟಲಿಲ್ಲ. ಸಂತೆಯ ಜನ ಕೇಳಿಸಿಕೊಳ್ಳುತ್ತಿದ್ದರೂ ಲೆಕ್ಕಿಸದೆ, ಆ ಟೇಪು ಸುಳ್ಳು, ಅದನ್ನು ಮಾಡಿಸಿದವನು ನಾನೇ, ನೀನು ಇದನ್ನು ಕೊಯ್ಸಿದರೆ ತಿಂಗಳೊಳಗೆ ನಿನ್ನ ನಡು ಮತ್ತೆ ಹೋಗುತ್ತದೆ ಅಂತ ಒಂದೇ ಉಸಿರಿಗೆ ಹೇಳಿದ. ಮೂವತ್ತೆಂಟು ವರ್ಷದಲ್ಲಿ ಅವನು ತನ್ನ ಅಂಗಡಿಯಲ್ಲಿ ನಿಂತು ಗಿರಾಕಿಯ ಮುಂದೆ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ದುಂಡವ್ವ ಟೇಪನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸುಳ್ಳಂತ ಗೊತ್ತೈತೋ ತಮ್ಮಾ. ಇಡೀ ಊರಿಗೆ ಗೊತ್ತೈತಿ. ನಮ್ಮ ಬಾಗಲಾ ಬೆಳದಿಲ್ಲ, ನಾ ಬೆಳದಿಲ್ಲ, ಟೇಪ ಅಷ್ಟ ಬೆಳದೈತಿ."

"ಮತ್ತ ಯಾಕ ಕೊಯ್ಸಾಕತ್ತೀ?"

"ನಲವತ್ತೆಂಟರ ಕಾವ ಹಿಡದ ಹದಿನೆಂಟ ಮಂದಿ ಬಾಗಿ ಕಸಾ ತಗೀತಾರ. ನಾ ಒಬ್ಬಾಕಿ ನೆಟ್ಟಗ ನಿಂತಿರ್ತೇನಿ. ಒಡ್ಡಿನ ಮ್ಯಾಲಿಂದ ನೋಡಿದವಂಗ ಮುದುಕಿ ಕೆಲಸಾ ಬಿಟ್ಟ ನಿಂತಾಳ ಅಂತ ಕಾಣ್ತೈತಿ. ಮುಕಾದಮ ಎರಡ ಸರ್ತಿ ಅಂದಾನ. ಮೂರನೇ ಸರ್ತಿ ಬರಬ್ಯಾಡ ಅಂತಾನ."

ನಾನು ಕೊಯ್ಯುವುದಿಲ್ಲ ಅಂತ ಅವನು ಹೇಳಿದ. ಅವಳಿಗೆ ಸಿಟ್ಟು ಬರಲಿಲ್ಲ. ಕಾವನ್ನು ಅವನ ಕಟ್ಟೆಗೆ ಒರಗಿಸಿ, ಹುಷಾರು, ಯಾರಾದರೂ ಎಡವಿಯಾರು ಅಂತ ಹೇಳಿ, ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋದಳು. ರಾಶಿಯಿಂದ ಒಂದು ಪೈಪು ಎತ್ತಿಕೊಂಡು, ರಸ್ತೆಯಲ್ಲೇ ಬಗ್ಗಿ ಎರಡು ಸಲ ಕಸ ತೆಗೆದ ಹಾಗೆ ಮಾಡಿ ನೋಡಿದಳು. ಇಷ್ಟು ಬಗ್ಗಿದರೆ ಸಾಕೇ ಅಂತ ಅಂಗಡಿಯವನನ್ನು ಕೇಳಿದಳು, ಅವನು ಸಾಕು ಅಂದ. ಇಬ್ರಾಹಿಮ ಅವಳು ಬಸ್‌ಸ್ಟ್ಯಾಂಡಿನ ಕಡೆ ತಿರುಗುವವರೆಗೂ ನೋಡಿದ. ಆಮೇಲೆ ಅಂಗಡಿ ಮುಚ್ಚಿ, ಆ ಉದ್ದನೆಯ ಕಾವನ್ನು ಹೆಗಲ ಮೇಲೆ ಇಟ್ಟುಕೊಂಡು ಮನೆಗೆ ನಡೆದ.

ಸಂತೆಯ ದಿನ ಇಷ್ಟು ಬೇಗ ಬಂದದ್ದು ಕಂಡು ಹುಸೇನಬಿ ಹೆದರಿ ಹೊರಗೆ ಬಂದಳು. ಮೈಗೆ ಆರಾಮಿಲ್ಲವೇ ಅಂತ ಕೇಳಿದಳು. ಅವನು ಕಾವನ್ನು ಗೋಡೆಗೆ ನಿಲ್ಲಿಸಿ ಅದರ ಪಕ್ಕದಲ್ಲೇ ಕುಕ್ಕರಿಸಿದ.

"ವಾಪಸ್ ಬಂತು," ಅಂದ.

ಮೂವತ್ತೆಂಟು ವರ್ಷ ಆಡಿಕೊಂಡು ನಕ್ಕವಳು ಈಗ ನಗಲಿಲ್ಲ. ಬಾಗಿ ಆ ಕಟ್ಟಿಗೆಯನ್ನು ಮೇಲಿಂದ ಕೆಳಗಿನವರೆಗೆ ಕೈಯಿಂದ ಸವರಿ ನೋಡಿದಳು. ಎಲ್ಲಿಯೂ ಒಂದು ಸಿಬಿರಿಲ್ಲ, ದುಂಡವ್ವನ ಕೈ ಹಿಡಿದು ಹಿಡಿದು ನಡುವೆ ನುಣ್ಣಗಾಗಿತ್ತು.

"ಏನ ತಪ್ಪಾಗಿತ್ತು?" ಅಂತ ಕೇಳಿದಳು.

"ಏನೂ ತಪ್ಪಾಗಿರಲಿಲ್ಲ ಬೇ," ಅಂದ ಇಬ್ರಾಹಿಮ, ಮತ್ತು ಮೊಣಕಾಲ ನಡುವೆ ತಲೆಯಿಟ್ಟು ಅಳತೊಡಗಿದ. ಹುಸೇನಬಿ ಅವನ ಪಕ್ಕದಲ್ಲಿ ಕೂತುಕೊಂಡಳು.